ನಾಲ್ಕು ನೂಲಿನ ಎತ್ತರ

ಬೆಂಗಳೂರಿನ ಬಹುಮಹಡಿ ವಸತಿಗಳಲ್ಲಿ ಹಜಾರಕ್ಕೆ ಟೈಲ್ಸ್, ಮಲಗುವ ಕೋಣೆಗೆ ಮರದಂತೆ ಕಾಣುವ ಲ್ಯಾಮಿನೇಟ್ ಎಂಬ ವ್ಯವಸ್ಥೆ ರೂಢಿಗೆ ಬಂದ ಮೇಲೆ, ಈ ಎರಡು ನೆಲಗಳು ಸಂಧಿಸುವ ಬಾಗಿಲಿನ ಕೆಳಗೆ ಒಂದು ಸಣ್ಣ ಎತ್ತರ ಹುಟ್ಟಿಕೊಂಡಿದೆ. ಅಳತೆಗೆ ಹಿಡಿದರೆ ಅದು ಹತ್ತು ಹನ್ನೆರಡು ಮಿಲಿಮೀಟರ್. ಇಂಚಿನ ಎಂಟನೆಯ ಒಂದು ಭಾಗವನ್ನು ಒಂದು ನೂಲು ಎನ್ನುವ ಬಡಗಿಗಳ ಹಳೆಯ ಲೆಕ್ಕದಲ್ಲಿ ಹೆಚ್ಚೆಂದರೆ ನಾಲ್ಕು ನೂಲು. ಮನೆಯ ನಕ್ಷೆಯಲ್ಲಿ ಅದಕ್ಕೆ ಗೆರೆಯಿಲ್ಲ, ಸಾಲ ಕೊಡುವ ಬ್ಯಾಂಕಿನ ಮೌಲ್ಯಮಾಪಕ ಅದನ್ನು ಬರೆದುಕೊಳ್ಳುವುದಿಲ್ಲ, ಗೃಹಪ್ರವೇಶಕ್ಕೆ ಬಂದು ಅಡುಗೆಮನೆಯ ಕಪಾಟುಗಳನ್ನೆಲ್ಲ ತೆರೆದು ನೋಡುವ ನೆಂಟರ ಕಣ್ಣಿಗೂ ಅದು ಬೀಳುವುದಿಲ್ಲ. ಆದರೆ ರಾತ್ರಿ ದೀಪ ಹಾಕುವ ಸೋಮಾರಿತನಕ್ಕೆ ಕತ್ತಲಲ್ಲೇ ನೀರಿನ ಚೊಂಬು ಹುಡುಕಿಕೊಂಡು ಹೊರಟ ಮನುಷ್ಯನ ಕಾಲಿನ ಹೆಬ್ಬೆರಳು ಅದನ್ನು ತಪ್ಪದೆ ಪತ್ತೆ ಹಚ್ಚುತ್ತದೆ.

ಈ ಎತ್ತರದ ಕಾರಣವನ್ನು ತಿಳಿಯಲು ಲ್ಯಾಮಿನೇಟ್ ಎಂಬ ವಸ್ತುವಿನ ಸ್ವರೂಪವನ್ನು ಸ್ವಲ್ಪ ನೋಡಬೇಕಾಗುತ್ತದೆ. ಅಂಗಡಿಯವರು ಇದನ್ನು ವುಡನ್ ಫ್ಲೋರಿಂಗ್ ಎಂದು ಕರೆದರೂ, ಹಲಗೆಯ ಮೇಲೆ ಕಾಣುವ ಓಕ್ ಅಥವಾ ತೇಗದ ಎಳೆಗಳೆಲ್ಲ ಕಾಗದದ ಮೇಲೆ ಮುದ್ರಿಸಿದ ಚಿತ್ರ. ಆ ಚಿತ್ರದ ಮೇಲೆ ಮೆಲಮಿನ್ ಎಂಬ ಗಟ್ಟಿ ರಾಳದ ಪಾರದರ್ಶಕ ಪದರವಿರುತ್ತದೆ, ಕೆಳಗೆ ಮರದ ನಾರನ್ನು ಶಾಖ ಮತ್ತು ಒತ್ತಡದಲ್ಲಿ ಅದುಮಿ ಮಾಡಿದ ಎಚ್‌ಡಿಎಫ್ ಎಂಬ ದಟ್ಟ ಹಲಗೆಯಿರುತ್ತದೆ. ಸ್ವೀಡನ್ನಿನ ಪರ್‌ಸ್ಟಾರ್ಪ್ ಕಂಪನಿ 1977ರಲ್ಲಿ ಇದನ್ನು ರೂಪಿಸಿ, 1984ರಲ್ಲಿ ಪೆರ್ಗೊ ಎಂಬ ಹೆಸರಿನಲ್ಲಿ ಮಾರುಕಟ್ಟೆಗೆ ತಂದಿತು. ಅಂಟಿನ ಹಂಗಿಲ್ಲದೆ ಒಂದು ಹಲಗೆಯ ಅಂಚು ಇನ್ನೊಂದರ ಅಂಚಿಗೆ ಟಕ್ಕೆಂದು ಕಚ್ಚಿಕೊಳ್ಳುವ ಈಗಿನ ಕ್ಲಿಕ್ ಜೋಡಣೆ 1990ರ ದಶಕದ ಕೊನೆಯ ಭಾಗದ್ದು. ಚಿತ್ರ ಮುದ್ರಿತವಾದದ್ದರಿಂದ ಒಂದೇ ಮರದ ಗಂಟು ಕೆಲವು ಹಲಗೆಗಳಿಗೊಮ್ಮೆ ಮತ್ತೆ ಮತ್ತೆ ಕಾಣಿಸಿಕೊಳ್ಳುತ್ತದೆ, ಮತ್ತು ಈ ಪುನರಾವರ್ತನೆಯನ್ನು ಜ್ವರ ಬಂದು ಮೂರು ದಿನ ಮಂಚಕ್ಕೆ ಅಂಟಿಕೊಂಡ ಮನೆಯ ಯಜಮಾನನೇ ಸಾಮಾನ್ಯವಾಗಿ ಮೊದಲು ಕಂಡುಹಿಡಿಯುತ್ತಾನೆ. ಆ ಸಂಶೋಧನೆಯನ್ನು ಅವನು ಕಾಫಿ ತಂದವರಿಗೆಲ್ಲ ವಿವರಿಸುತ್ತಾನೆ. ಅದರಿಂದ ಅವನ ಜ್ವರ ಇಳಿದಿದೆ ಎಂಬುದನ್ನು ಬಿಟ್ಟರೆ ಕೇಳಿದವರಿಗೆ ಬೇರೇನೂ ತಿಳಿಯುವುದಿಲ್ಲ.

ಲ್ಯಾಮಿನೇಟಿನ ನಿಜವಾದ ಆಕರ್ಷಣೆ ಅದರ ಅಂದದಲ್ಲಿಲ್ಲ. ಹಳೆಯ ನೆಲವನ್ನು ಒಡೆಯದೆ, ಮನೆ ತುಂಬ ಧೂಳೆಬ್ಬಿಸದೆ, ಇದ್ದ ಟೈಲ್ಸಿನ ಮೇಲೆಯೇ ತೆಳು ಫೋಮ್ ಹಾಸಿ, ಅದರ ಮೇಲೆ ಹಲಗೆಗಳನ್ನು ಜೋಡಿಸಿ, ಬೆಳಿಗ್ಗೆ ಹೊರಗೆ ಹೋದ ಮಂಚವನ್ನು ಸಂಜೆಗೆ ಒಳಗೆ ತರಬಹುದೆಂಬ ಅನುಕೂಲದಲ್ಲಿದೆ. ಹಲಗೆಯ ದಪ್ಪ ಸಾಮಾನ್ಯವಾಗಿ 8 ಮಿಲಿಮೀಟರ್, ಫೋಮಿನದು ಎರಡೋ ಮೂರೋ. ಹಜಾರದ ಟೈಲ್ಸ್ ಇದ್ದಲ್ಲೇ ಇರುತ್ತದೆ, ಕೋಣೆಯ ನೆಲ ಮಾತ್ರ ಒಂದು ಹಗಲಿನಲ್ಲಿ ಅಷ್ಟು ಮೇಲೇರುತ್ತದೆ. ದುಬಾರಿ ಎಂಬ ಒಂದೇ ಕಾರಣಕ್ಕೆ 12 ಮಿಲಿಮೀಟರಿನ ಹಲಗೆಯನ್ನು ಆರಿಸಿಕೊಂಡ ಮನೆಗಳಲ್ಲಿ ನೂಲಿನ ಲೆಕ್ಕ ನಾಲ್ಕನ್ನೂ ದಾಟಿ ಮುಂದೆ ಹೋಗುತ್ತದೆ.

ಈ ಎರಡು ನೆಲಗಳ ಸ್ವಭಾವವೂ ಬೇರೆ ಬೇರೆ. ಜೇಡಿ, ಫೆಲ್ಡ್‌ಸ್ಪಾರ್, ಸಿಲಿಕಾ ಪುಡಿಗಳನ್ನು ಒತ್ತಿ ಸುಮಾರು 1200 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಸುಟ್ಟ ವಿಟ್ರಿಫೈಡ್ ಟೈಲ್ಸ್, ಅಂದರೆ ಗಾಜಿನಂತಾಗುವವರೆಗೆ ಬೆಂದ ಬಿಲ್ಲೆ, ತನ್ನ ತೂಕದ ನೂರರಲ್ಲಿ ಅರ್ಧ ಪಾಲು ನೀರನ್ನೂ ಹೀರುವುದಿಲ್ಲ. ಗುಜರಾತಿನ ಮೋರ್ಬಿಯ ಗೂಡಿನಿಂದ ಹೊರಬಿದ್ದ ಗಳಿಗೆಯಲ್ಲಿ ಎಷ್ಟು ಅಗಲವಿತ್ತೋ, ಮೊಮ್ಮಕ್ಕಳ ಕಾಲಕ್ಕೂ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ. ಲ್ಯಾಮಿನೇಟ್ ಹಾಗಲ್ಲ. ಅದರ ಹೊಟ್ಟೆಯಲ್ಲಿರುವುದು ಮರದ ನಾರು. ಗಾಳಿಯಲ್ಲಿ ತೇವ ಹೆಚ್ಚಿದಾಗ ಅದು ಹಿಗ್ಗುತ್ತದೆ, ಒಣಗಿದಾಗ ಕುಗ್ಗುತ್ತದೆ. ಫೆಬ್ರವರಿಯ ಒಣ ಹವೆಯಲ್ಲಿ ಹಾಸಿದ ನೆಲ ಜುಲೈ ಬರುವ ಹೊತ್ತಿಗೆ ಗೋಡೆಗಳ ಕಡೆಗೆ ಕೈಕಾಲು ಚಾಚಲು ನೋಡುತ್ತದೆ. ಆದ್ದರಿಂದ ಅದನ್ನು ಕೆಳಗಿನ ನೆಲಕ್ಕೆ ಅಂಟಿಸುವುದೂ ಇಲ್ಲ, ಮೊಳೆ ಹೊಡೆಯುವುದೂ ಇಲ್ಲ. ಸುತ್ತಲೂ ಎಂಟು ಹತ್ತು ಮಿಲಿಮೀಟರ್ ಸಂದಿ ಬಿಟ್ಟು ಕೋಣೆಯ ನಡುವೆ ತೇಲಲು ಬಿಡುತ್ತಾರೆ. ಗೋಡೆಯ ಬದಿಯ ಸಂದಿ ಸ್ಕರ್ಟಿಂಗ್ ಎಂಬ ಅಡಿಪಟ್ಟಿಯ ಹಿಂದೆ ಅಡಗಿಕೊಳ್ಳುತ್ತದೆ. ಬಾಗಿಲಿನ ಬಳಿ ಅಡಗಲು ಅದಕ್ಕೆ ಜಾಗವಿಲ್ಲ.

ಜಾಗವಿಲ್ಲದ ಈ ಪ್ರಶ್ನೆ ಹಿಂದಿನ ಮನೆಗಳಲ್ಲಿ ಏಳುತ್ತಲೇ ಇರಲಿಲ್ಲ, ಏಕೆಂದರೆ ಅಲ್ಲಿ ಹೊಸ್ತಿಲಿತ್ತು. ಹಳೆಯ ಮೈಸೂರು ಸೀಮೆಯ ತೊಟ್ಟಿಮನೆಯಾಗಲಿ ಮಲೆನಾಡಿನ ಜಗಲಿಯ ಮನೆಯಾಗಲಿ, ಒಂದೇ ಮಟ್ಟದ ನೆಲವನ್ನು ಯಾರೂ ಬಯಸುತ್ತಿರಲಿಲ್ಲ. ಜಗಲಿಯದು ಒಂದು ಎತ್ತರ, ನಡುಮನೆಯದು ಇನ್ನೊಂದು, ಬಚ್ಚಲಿನದು ಮೂರನೆಯದು, ಮತ್ತು ಒಂದರಿಂದ ಇನ್ನೊಂದಕ್ಕೆ ಹೋಗುವವನು ಕಾಲನ್ನು ಬೇಕೆಂದೇ ಎತ್ತಿ ಇಡಬೇಕಿತ್ತು. ಕೋಣೆಯೊಂದಕ್ಕೆ ಸಗಣಿ ಸಾರಿಸಿದ ಮಣ್ಣು, ಪಕ್ಕದ್ದಕ್ಕೆ ಕಾವಿಯ ಗಾರೆ, ಅಂಗಳಕ್ಕೆ ಚಪ್ಪಡಿ ಎಂದು ನೆಲದ ಬಗೆ ಬದಲಾದರೂ ನಡುವೆ ಒಂದು ದಪ್ಪ ಹಲಸಿನ ಅಥವಾ ತೇಗದ ತೊಲೆ ಅಡ್ಡ ಮಲಗಿರುತ್ತಿದ್ದುದರಿಂದ ಯಾವ ನೆಲದ ಅಂಚೂ ಇನ್ನೊಂದರ ಅಂಚನ್ನು ನೋಡುತ್ತಿರಲಿಲ್ಲ. ಆ ತೊಲೆಗೆ ಅರಿಸಿನ ಕುಂಕುಮ ಹಚ್ಚುತ್ತಿದ್ದರು, ಅದರ ಮೇಲೆ ಕುಳಿತ ಮಕ್ಕಳನ್ನು ಅಜ್ಜಿಯರು ಎಬ್ಬಿಸುತ್ತಿದ್ದರು, ಅದರ ಆಚೆ ಈಚೆ ನಿಂತು ಹಣ ಕೊಟ್ಟು ತೆಗೆದುಕೊಳ್ಳುವುದನ್ನು ತಡೆಯುತ್ತಿದ್ದರು. ಅಂಬೆಗಾಲಿಡುವ ಮಗು ಮೊದಲ ಸಲ ಅದನ್ನು ದಾಟಿದ ದಿನ ಸಿಹಿ ಮಾಡಿ ಹಂಚುವ ರೂಢಿ ಇಂದಿಗೂ ಹಲವು ಮನೆಗಳಲ್ಲಿದೆ. ಆದರೆ ಫ್ಲ್ಯಾಟಿನಲ್ಲಿ ಬೆಳೆಯುವ ಮಗು ಹಜಾರದ ಟೈಲ್ಸಿನಿಂದ ಕೋಣೆಯ ಲ್ಯಾಮಿನೇಟಿಗೆ ಯಾವ ಗಳಿಗೆಯಲ್ಲಿ ದಾಟಿತೆಂಬುದು ಯಾರ ಗಮನಕ್ಕೂ ಬಾರದೆ ಹೋಗುವುದರಿಂದ, ಸಿಹಿಯ ದಿನವನ್ನು ಹೆತ್ತವರು ಮೊಬೈಲಿನ ಫೋಟೋಗಳ ತಾರೀಖು ನೋಡಿ ನಿರ್ಧರಿಸಬೇಕಾಗುತ್ತದೆ.

ಹೊಸ್ತಿಲಿನ ಮಹತ್ವವನ್ನು ಹೇಳುವವರು ಸಾಮಾನ್ಯವಾಗಿ ಹಿರಣ್ಯಕಶಿಪುವಿನ ಕಥೆಗೆ ಹೋಗುತ್ತಾರೆ. ಒಳಗೂ ಅಲ್ಲದ ಹೊರಗೂ ಅಲ್ಲದ ಜಾಗದಲ್ಲಿ, ಹಗಲೂ ಅಲ್ಲದ ಇರುಳೂ ಅಲ್ಲದ ಹೊತ್ತಿನಲ್ಲಿ ನರಸಿಂಹನು ಅವನನ್ನು ತೊಡೆಯ ಮೇಲೆ ಹಾಕಿಕೊಳ್ಳಲು ಸಾಧ್ಯವಾದದ್ದು ಆ ಅರಮನೆಯ ಹೊಸ್ತಿಲು ಕುಳಿತುಕೊಳ್ಳುವಷ್ಟು ಅಗಲವಾಗಿದ್ದುದರಿಂದ ಎಂಬ ಅಂಶಕ್ಕೆ ವ್ಯಾಖ್ಯಾನಕಾರರು ಸಾಕಷ್ಟು ಗಮನ ಕೊಟ್ಟಂತಿಲ್ಲ. ಈಗ ಹೊಸ್ತಿಲಿನ ಜಾಗದಲ್ಲಿ ಸಂದಿ ಮುಚ್ಚಲು ಕೂರಿಸುವ ನಾಲ್ಕು ಸೆಂಟಿಮೀಟರ್ ಅಗಲದ ಅಲ್ಯೂಮಿನಿಯಂ ಪಟ್ಟಿಯ ಮೇಲೆ ಅಷ್ಟು ದೊಡ್ಡ ಅವತಾರಕ್ಕೆ ಅವಕಾಶವಿಲ್ಲ. ಸಿಂಹದ ಅರ್ಧ ಭಾಗ ಟೈಲ್ಸಿನ ಮೇಲೂ ಉಳಿದರ್ಧ ಲ್ಯಾಮಿನೇಟಿನ ಮೇಲೂ ಬಂದು, ವರದ ಷರತ್ತು ಮುರಿದಿದೆ ಎಂದು ದೈತ್ಯನು ವಾದ ಹೂಡಿದ್ದರೆ ತೀರ್ಪು ಯಾರ ಕಡೆಗೆ ಬರುತ್ತಿತ್ತೆಂದು ಹೇಳುವುದು ಕಷ್ಟ.

ಅಂಗೈ ಎತ್ತರದ ಹೊಸ್ತಿಲನ್ನು ಎಡವದೆ ದಾಟುತ್ತಿದ್ದ ಕಾಲುಗಳು ಬೆರಳಿನ ದಪ್ಪವೂ ಇಲ್ಲದ ಎತ್ತರವನ್ನು ಎಡವುವುದು ಮೇಲುನೋಟಕ್ಕೆ ವಿಚಿತ್ರವೆನಿಸಿದರೂ ಅದಕ್ಕೆ ಸರಳವಾದ ಕಾರಣವಿದೆ. ಸಮತಟ್ಟಾದ ನೆಲದ ಮೇಲೆ ನಡೆಯುವಾಗ ಮುಂದಕ್ಕೆ ಬೀಸುವ ಕಾಲಿನ ತುದಿ ನೆಲದಿಂದ ಏಳುವುದು, ಅತಿ ಕಡಿಮೆ ಇರುವ ಗಳಿಗೆಯಲ್ಲಿ, ಸುಮಾರು ಒಂದರಿಂದ ಎರಡು ಸೆಂಟಿಮೀಟರ್ ಮಾತ್ರ. ನಡಿಗೆಯನ್ನು ಅಭ್ಯಾಸ ಮಾಡುವವರು ಇದನ್ನು ಕಾಲ್ಬೆರಳಿನ ಅಂತರವೆಂದು ಅಳೆಯುತ್ತಾರೆ. ದೇಹ ತನ್ನ ಶ್ರಮವನ್ನು ಅಷ್ಟು ಜಿಪುಣತನದಿಂದ ಲೆಕ್ಕ ಹಾಕಿರುತ್ತದೆ. ಹೊಸ್ತಿಲು ಕಣ್ಣಿಗೆ ಕಾಣುವುದರಿಂದ ಕಾಲು ಮುಂಚೆಯೇ ಏಳುತ್ತದೆ, ನಾಲ್ಕು ನೂಲು ಕಾಣದಿರುವುದರಿಂದ ಏಳುವುದಿಲ್ಲ, ಮತ್ತು ಆ ನಾಲ್ಕು ನೂಲು ಈ ಜಿಪುಣ ಲೆಕ್ಕದ ಅಂಚಿಗೇ ಬಂದು ನಿಂತಿರುತ್ತದೆ. ಅಮೆರಿಕದಲ್ಲಿ ಅಂಗವಿಕಲರ ಅನುಕೂಲಕ್ಕೆಂದು 2010ರಲ್ಲಿ ಪ್ರಕಟವಾದ ಮಾನದಂಡಗಳು ನೆಲದ ಎತ್ತರ ಕಾಲು ಇಂಚಿನವರೆಗೆ ಬದಲಾದರೆ ನೇರವಾಗಿ ಇರಗೊಡುತ್ತವೆ; ಕಾಲು ಇಂಚಿನಿಂದ ಅರ್ಧ ಇಂಚಿನವರೆಗೆ ಇದ್ದರೆ ಅಂಚನ್ನು ಒಂದಕ್ಕೆ ಎರಡರ ಪ್ರಮಾಣದಲ್ಲಾದರೂ, ಅಂದರೆ ಎತ್ತರದ ಎರಡರಷ್ಟು ಉದ್ದಕ್ಕೆ, ಇಳಿಜಾರಾಗಿಸಬೇಕೆನ್ನುತ್ತವೆ; ಅರ್ಧ ಇಂಚನ್ನು ಮೀರಿದರೆ ಅದು ಸಂದಿಯೇ ಅಲ್ಲ, ಒಂದಕ್ಕೆ ಹನ್ನೆರಡರ ರ‍್ಯಾಂಪ್ ಬೇಕು. ಬಡಗಿಯ ಭಾಷೆಯಲ್ಲಿ ಎರಡು ನೂಲಿನವರೆಗೆ ಕ್ಷಮೆ, ನಾಲ್ಕು ನೂಲಿನವರೆಗೆ ಇಳಿಜಾರು, ಆಮೇಲೆ ರಸ್ತೆ ನಿರ್ಮಾಣ.

ಮನೆಯವರ ಕಾಲುಗಳು ಈ ಎತ್ತರವನ್ನು ಬೇಗನೆ ಕಲಿತುಬಿಡುತ್ತವೆ, ಆದ್ದರಿಂದ ಕಷ್ಟವೆಲ್ಲ ನೆಂಟರದು. ಅಲ್ಲಿ ಸ್ವಲ್ಪ ಎತ್ತರವಿದೆ, ಹುಷಾರು ಎಂಬ ಎಚ್ಚರಿಕೆಯನ್ನು ಹೇಳಬೇಕಾದದ್ದು ನೆಂಟರು ಎಡವುವ ಮೊದಲು. ಆದರೆ ಎಲ್ಲ ಮನೆಗಳಲ್ಲಿಯೂ ಅದು ಎಡವಿದ ಅರ್ಧ ಕ್ಷಣದ ನಂತರವೇ, ಅದೂ ಗಂಡ ಹೆಂಡಿರಿಬ್ಬರ ಬಾಯಿಂದ ಒಟ್ಟಿಗೆ, ಹೊರಬೀಳುತ್ತದೆ. ಎಡವಿದವರು ಏನೂ ಆಗಿಲ್ಲ ಎನ್ನುತ್ತ ನೆಲದ ಬಣ್ಣವನ್ನು ಹೊಗಳುತ್ತಾರೆ. ಅದೇ ಮನೆಯವರು ಬೇರೆಯವರ ಮನೆಗೆ ಹೋದಾಗ ಮಲಗುವ ಕೋಣೆಯ ಬಾಗಿಲಲ್ಲಿ ಇಲ್ಲದ ಎತ್ತರಕ್ಕೆ ಕಾಲೆತ್ತಿ ಹಾಕಿ, ಇದೇನು ಇವರ ನಡಿಗೆ ಎಂದು ಆತಿಥೇಯರು ತಮ್ಮೊಳಗೆ ಮಾತಾಡಿಕೊಳ್ಳುವಂತೆ ಮಾಡುತ್ತಾರೆ. ಇತ್ತೀಚೆಗೆ ಮನೆಗಳನ್ನು ಸೇರಿಕೊಂಡಿರುವ ಕಸ ಗುಡಿಸುವ ರೋಬಾಟ್ ಮಾತ್ರ ಈ ಸೌಜನ್ಯವನ್ನೆಲ್ಲ ಬಲ್ಲದ್ದಲ್ಲ. ಅಂಚು ನೇರವಾಗಿದ್ದರೆ ಅದು ಬಂದು ಗುದ್ದಿ, ಹಿಂದೆ ಸರಿದು, ಮತ್ತೆ ಗುದ್ದಿ, ಕೊನೆಗೆ ಹಜಾರವೇ ಪ್ರಪಂಚದ ಕೊನೆಯೆಂದು ತೀರ್ಮಾನಿಸಿ ಹಿಂತಿರುಗುತ್ತದೆ.

ಇಷ್ಟೆಲ್ಲಕ್ಕೆ ಪರಿಹಾರವೆಂದು ಅಂಗಡಿಯಲ್ಲಿ ಸಿಗುವುದು ಒಂದು ಪಟ್ಟಿ. ಹಾರ್ಡ್‌ವೇರ್ ಅಂಗಡಿಯ ಗೋಡೆಗೆ ಒರಗಿಸಿಟ್ಟ ಈ ಪಟ್ಟಿಗಳಲ್ಲಿ ಮುಖ್ಯವಾಗಿ ಮೂರು ಬಗೆ. ಎರಡು ನೆಲಗಳೂ ಹೆಚ್ಚುಕಡಿಮೆ ಒಂದೇ ಮಟ್ಟದಲ್ಲಿದ್ದರೆ ಇಂಗ್ಲಿಷಿನ ಟಿ ಅಕ್ಷರದ ಆಕಾರದ ಪಟ್ಟಿ ಸಾಕು. ಅದರ ಕಾಲು ಸಂದಿಯೊಳಗೆ ಇಳಿಯುತ್ತದೆ, ಎರಡು ರೆಕ್ಕೆಗಳು ಎರಡೂ ನೆಲಗಳ ಅಂಚನ್ನು ಮುಚ್ಚುತ್ತವೆ. ಒಂದು ನೆಲ ಎತ್ತರವಾಗಿದ್ದರೆ ರಿಡ್ಯೂಸರ್ ಬೇಕು, ಅಂದರೆ ಒಂದು ಬದಿ ಎತ್ತರದ ನೆಲವನ್ನು ಹಿಡಿದು ಇನ್ನೊಂದು ಬದಿ ತಗ್ಗಿನ ನೆಲಕ್ಕೆ ಇಳಿಜಾರಾಗುವ ಪಟ್ಟಿ. ಮೂರನೆಯದು ನೆಲ ಅಲ್ಲಿಗೇ ಮುಗಿಯುವಾಗ, ಬಾಲ್ಕನಿಯ ಜಾರುಬಾಗಿಲಿನ ಮುಂದೆ ಬರುವಂಥದ್ದು. ಟೈಲ್ಸೇ ಎತ್ತರವಾಗಿ ಅದರ ಕೊಯ್ದ ಅಂಚು ಹೊರಗೆ ಕಾಣುವಂತಿದ್ದರೆ ಆ ಅಂಚು ಚಕ್ಕೆ ಏಳದಂತೆ ಕಾಯಲು ಎಲ್ ಆಕಾರದ ಲೋಹದ ಪಟ್ಟಿಯನ್ನು ಟೈಲ್ಸಿನ ಜೊತೆಯಲ್ಲೇ ಕೂರಿಸುತ್ತಾರೆ. 1970ರ ದಶಕದಲ್ಲಿ ಈ ಬಗೆಯ ಪಟ್ಟಿಯನ್ನು ರೂಪಿಸಿ ಹೆಸರಾದವನು ವರ್ನರ್ ಶ್ಲೂಟರ್ ಎಂಬ ಜರ್ಮನಿಯ ಟೈಲ್ಸ್ ಕೆಲಸಗಾರ. ಆದರೆ ಕೊಳ್ಳಲು ಬಂದವರಲ್ಲಿ ಹೆಚ್ಚಿನವರು ಆಕಾರವನ್ನು ನೋಡುವುದಿಲ್ಲ, ಬಣ್ಣವನ್ನು ನೋಡುತ್ತಾರೆ. ಹಜಾರದ ಟೈಲ್ಸಿಗೆ ಒಪ್ಪುವ ಬಣ್ಣವೋ ಕೋಣೆಯ ಹಲಗೆಗೆ ಒಪ್ಪುವ ಬಣ್ಣವೋ ಎಂಬ ಚರ್ಚೆ ಅಂಗಡಿಯಲ್ಲಿ ಆರಂಭವಾಗಿ, ವಾಟ್ಸಾಪಿನಲ್ಲಿ ಅಮೆರಿಕದ ಮಗಳವರೆಗೆ ಹೋಗಿ, ಕೊನೆಗೆ ಎರಡಕ್ಕೂ ಒಪ್ಪದ ಚಿನ್ನದ ಬಣ್ಣದಲ್ಲಿ ಮುಕ್ತಾಯವಾಗುತ್ತದೆ.

ಬಣ್ಣದ ಚರ್ಚೆಯಲ್ಲಿ ಮರೆತುಹೋಗುವುದು ಪಟ್ಟಿಯ ನಿಜವಾದ ಕೆಲಸ. ಅದು ಎರಡು ನೆಲಗಳನ್ನು ಜೋಡಿಸುತ್ತದೆ ಎಂದು ಮನೆಯವರು ತಿಳಿದಿರುತ್ತಾರೆ. ಕೆಲಸ ಬಲ್ಲ ಬಡಗಿ ಅದನ್ನು ಎರಡಕ್ಕೂ ಜೋಡಿಸದಂತೆ ನೋಡಿಕೊಳ್ಳುತ್ತಾನೆ. ಪಟ್ಟಿಯ ಸ್ಕ್ರೂ ಅಥವಾ ಅಂಟು ಕೆಳಗಿನ ಗಟ್ಟಿ ನೆಲಕ್ಕೆ ಮಾತ್ರ ಹೋಗಬೇಕು, ಲ್ಯಾಮಿನೇಟಿನ ಹಲಗೆ ಪಟ್ಟಿಯ ರೆಕ್ಕೆಯ ಕೆಳಗೆ ಯಾರ ಅಪ್ಪಣೆಯೂ ಇಲ್ಲದೆ ಮುಂದೆ ಹಿಂದೆ ಸರಿಯುವಂತಿರಬೇಕು. ಸಂದಿ ಕಂಡರೆ ಸಹಿಸದ ಯಾರಾದರೂ ಅದಕ್ಕೆ ಬಿಳಿ ಸಿಮೆಂಟ್ ತುಂಬಿಸಿದರೆ, ಮಳೆಗಾಲದಲ್ಲಿ ಹಿಗ್ಗಿದ ಹಲಗೆಗಳಿಗೆ ಹೋಗಲು ದಾರಿ ಸಿಗದೆ, ಕಾವಲಿಯ ಮೇಲಿನ ರೊಟ್ಟಿಯಂತೆ ಕೋಣೆಯ ನಡುವೆ ಉಬ್ಬಿ ಏಳುತ್ತವೆ. ಇಂತಹ ವಿಷಯಗಳ ಮೇಲೆ ಪುಟಗಟ್ಟಲೆ ಬರೆಯುವ ಪ್ರಬಂಧಕಾರರಿಗೆ ಇಲ್ಲಿಂದ ದಾಂಪತ್ಯದ ಬಗ್ಗೆಯೋ ಒಕ್ಕೂಟ ವ್ಯವಸ್ಥೆಯ ಬಗ್ಗೆಯೋ ಒಂದು ನೀತಿಯನ್ನು ಎತ್ತಿಕೊಳ್ಳುವ ಆಸೆ ಹುಟ್ಟುವುದು ಸಹಜ. ಬಡಗಿಗೆ ಮಾತ್ರ ಆ ಆಸೆ ಇರುವುದಿಲ್ಲ, ಏಕೆಂದರೆ ಉಬ್ಬಿದ ನೆಲವನ್ನು ಬಿಚ್ಚಿ ಮತ್ತೆ ಹಾಸಬೇಕಾದವನು ಅವನೇ.

ಸಂದಿಯನ್ನು ಗೌರವಿಸುವ ಈ ತಿಳಿವಳಿಕೆ ಸ್ವೀಡನ್ನಿನಿಂದ ಬಂದದ್ದೇನೂ ಅಲ್ಲ. ಬೆಂಗಳೂರಿನ ಹಳೆಯ ಬಡಾವಣೆಗಳ ಮನೆಗಳಲ್ಲಿ ಇನ್ನೂ ಉಳಿದಿರುವ ಮೊಸಾಯಿಕ್ ನೆಲವನ್ನು, ಅಂದರೆ ಅಮೃತಶಿಲೆಯ ಚೂರುಗಳನ್ನು ಸಿಮೆಂಟಿನಲ್ಲಿ ಕಲಸಿ ಹಾಸಿ ನಯವಾಗುವವರೆಗೆ ಉಜ್ಜಿದ ನೆಲವನ್ನು, ಗಮನಿಸಿದರೆ ಅದರಲ್ಲಿ ಗಾಜಿನ ತೆಳು ಪಟ್ಟಿಗಳ ಚೌಕಗಳು ಕಾಣುತ್ತವೆ. ಅವು ಕುಂಟೆಬಿಲ್ಲೆ ಆಡುವುದಕ್ಕೆಂದೇ ಹಾಕಿದವೆಂದು ಆ ಮನೆಗಳ ಮಕ್ಕಳು ನಂಬಿದ್ದರು, ಮತ್ತು ಆ ನಂಬಿಕೆಯಂತೆ ಮಧ್ಯಾಹ್ನಗಳಲ್ಲಿ ಹಿರಿಯರ ನಿದ್ದೆ ಕೆಡಿಸುತ್ತಿದ್ದರು. ಗಾರೆ ಕೆಲಸದವರ ಉದ್ದೇಶ ಬೇರೆ ಇತ್ತು: ಸಿಮೆಂಟು ಒಣಗುತ್ತ ಕುಗ್ಗುವಾಗ ಬಿರುಕು ಬಿಡುವುದು ಖಂಡಿತ, ಆದ್ದರಿಂದ ಬಿರುಕು ತನಗೆ ತೋಚಿದ ಕಡೆ ಅಲೆಯುವ ಬದಲು ಗೆರೆಯ ಮೇಲೆಯೇ ಹೋಗಲಿ ಎಂದು ಅವರು ಅದಕ್ಕೆ ಮೊದಲೇ ದಾರಿ ಹಾಕಿಕೊಡುತ್ತಿದ್ದರು.

ಪಟ್ಟಿ ಕೂತ ಮೇಲೆ ಮನೆಯಲ್ಲಿ ಎರಡು ಬಗೆಯ ಒರೆಸುವಿಕೆ ಜಾರಿಗೆ ಬರುತ್ತದೆ. ಟೈಲ್ಸಿನ ಮೇಲೆ ಬಕೆಟ್ಟಿನ ನೀರು ಹರಿದರೂ ಚಿಂತೆಯಿಲ್ಲ. ಲ್ಯಾಮಿನೇಟಿನ ಜೋಡಣೆಗಳಲ್ಲಿ ನೀರು ನಿಂತರೆ ಒಳಗಿನ ನಾರು ಊದಿಕೊಂಡು ಹಲಗೆಯ ಅಂಚುಗಳು ಮೇಲೇಳುತ್ತವೆ, ಹಾಗೆ ಎದ್ದವು ಮತ್ತೆ ಕೂರುವುದಿಲ್ಲ. ಆದ್ದರಿಂದ ಮನೆಗೆಲಸದಾಕೆ ಬಟ್ಟೆಯನ್ನು ಆ ಗಡಿಯಲ್ಲಿ ಹಿಂಡಿ ಒಳಗೆ ಹೋಗಬೇಕೆಂಬ ನಿಯಮವಾಗುತ್ತದೆ. ನಿಯಮವನ್ನು ಆಕೆ ಮೊದಲ ದಿನವೇ ಅರ್ಥಮಾಡಿಕೊಂಡು ಪಾಲಿಸುತ್ತಾಳೆ. ಕೈಯಲ್ಲಿ ತುಂಬಿದ ಲೋಟ ಹಿಡಿದು, ಅದೇ ಗಡಿಯಲ್ಲಿ ಎಡವಿ, ಕೋಣೆಯ ಒಳಗೆ ನೀರು ಚೆಲ್ಲುವವರು ನಿಯಮ ಮಾಡಿದವರು.

ಎತ್ತರವನ್ನು ಇಲ್ಲವಾಗಿಸುವ ದಾರಿಗಳೂ ಉಂಟು. ಮನೆ ಕಟ್ಟುವಾಗಲೇ ಯಾವ ಕೋಣೆಗೆ ಯಾವ ನೆಲವೆಂದು ಗೊತ್ತುಮಾಡಿ, ಲ್ಯಾಮಿನೇಟ್ ಬರುವ ಕಡೆ ಕೆಳಗಿನ ಗಾರೆಯನ್ನು ಅಷ್ಟೇ ನೂಲು ತಗ್ಗಿಸಿ ರಸಮಟ್ಟ ಇಟ್ಟು ನೋಡಿದರೆ ಎರಡೂ ಒಂದೇ ಸಮಕ್ಕೆ ಬರುತ್ತವೆ. ತಾನಾಗಿ ಹರಡಿ ಸಮವಾಗುವ ದ್ರವ ಸಿಮೆಂಟನ್ನು ತಗ್ಗಿನ ಕಡೆ ಸುರಿದು ನೆಲವನ್ನು ಎತ್ತುವ ಉಪಾಯವೂ ಇದೆ. ಆದರೆ ಇವೆಲ್ಲ ಮುಂಚಿತವಾಗಿ ಯೋಚಿಸುವವರಿಗೆ ಹೇಳಿದ ಮಾತು. ಸಾಮಾನ್ಯ ಮನೆಗಳಲ್ಲಿ ನೆಲಗಳು ಬೇರೆ ಬೇರೆ ಕಾಲದ ಬೋನಸ್ಸುಗಳಿಂದ ಹುಟ್ಟುತ್ತವೆ. ಮೊದಲು ಅಪ್ಪನ ಕಾಲದ ಮೊಸಾಯಿಕ್, ಅದನ್ನು ಒಡೆಯಲು ಮನಸ್ಸು ಬಾರದೆ ಅದರ ಮೇಲೆಯೇ ಅಂಟಿಸಿದ ಟೈಲ್ಸ್, ಅದರ ಮೇಲೆ ಮಗನ ಕಾಲದ ಫೋಮ್ ಮತ್ತು ಲ್ಯಾಮಿನೇಟ್ ಎಂದು ಒಂದರ ಮೇಲೊಂದು ಪದರ ಏರುತ್ತ, ಮನೆಯವರಿಗೆ ತಿಳಿಯದಂತೆ ಛಾವಣಿ ತಲೆಮಾರಿಗೊಂದಿಷ್ಟು ಕೆಳಗಿಳಿಯುತ್ತದೆ. ಮುಂದೊಂದು ದಿನ ಯಾರಾದರೂ ಅಲ್ಲಿ ಅಗೆದರೆ ರಾಜವಂಶಗಳ ಬದಲು ಸಂಬಳದ ಪರಿಷ್ಕರಣೆಗಳ ಇತಿಹಾಸ ಸಿಗಬಹುದು.

ಈ ಏರಿಕೆಯನ್ನು ತಪ್ಪದೆ ಲೆಕ್ಕವಿಟ್ಟಿರುವುದು ಬಾಗಿಲು ಮಾತ್ರ. ನೆಲ ಮೇಲೇರಿದಾಗಲೆಲ್ಲ ಬಾಗಿಲು ಕಚ್ಚಿಕೊಳ್ಳುತ್ತದೆ, ಬಡಗಿ ಅದನ್ನು ಬಿಜಾಗರಿಯಿಂದ ಬಿಚ್ಚಿ, ಮಲಗಿಸಿ, ಕೆಳಗಿನಿಂದ ಅರ್ಧ ಇಂಚಿಗಿಂತ ತುಸು ಹೆಚ್ಚು ಕೊಯ್ಯುತ್ತಾನೆ. ಹಾಗೆ ಕೊಯ್ದಾಗ ಹೊರಬರುವ ತುಂಡಿನ ಅಳತೆಯನ್ನು ನೋಡುವ ಅಭ್ಯಾಸ ಹೆಚ್ಚಿನವರಿಗಿಲ್ಲ. ಅದರ ಉದ್ದ ಬಾಗಿಲಿನ ಅಗಲದಷ್ಟೇ, ಅಗಲ ಬಾಗಿಲಿನ ದಪ್ಪದಷ್ಟು ಅಂದರೆ ಸುಮಾರು 35 ಮಿಲಿಮೀಟರ್, ಎತ್ತರ ನಾಲ್ಕು ನೂಲಿನ ಆಸುಪಾಸು. ಬಾಗಿಲು ಗಟ್ಟಿ ತೇಗದ್ದಾಗಿದ್ದರೆ ಆ ತುಂಡಿನ ಒಂದು ಬದಿಯನ್ನು ಉಜ್ಜುಗೊರಡಿನಿಂದ ಓರೆಯಾಗಿ ಹೊಡೆದು, ಹಜಾರದ ಟೈಲ್ಸಿನ ಮೇಲೆ ಅಂಟಿಸಿ, ಲ್ಯಾಮಿನೇಟಿನ ಅಂಚಿಗೂ ಅದಕ್ಕೂ ನಡುವೆ ಬಿಟ್ಟ ಸಂದಿಗೆ ಹಿಗ್ಗಿ ಕುಗ್ಗಬಲ್ಲ ಸಿಲಿಕಾನ್ ತುಂಬಿದರೆ, ಒಂದಕ್ಕೆ ಮೂರರ ಹತ್ತಿರದ ಇಳಿಜಾರುಳ್ಳ, ಅಮೆರಿಕದ ಮಾನದಂಡವನ್ನೂ ಮೀರಿಸುವ ರಿಡ್ಯೂಸರ್ ಸಿದ್ಧವಾಗುತ್ತದೆ. ಬಾಗಿಲು ಮುಚ್ಚಿದಾಗ ಅದು ಬಾಗಿಲಿನ ನೇರ ಕೆಳಗೆ ಬರುವುದರಿಂದ ಎರಡು ಕಡೆಯವರಿಗೂ ತಮ್ಮ ತಮ್ಮ ನೆಲವಷ್ಟೇ ಕಾಣುತ್ತದೆ. ಈ ಉಪಾಯ ಬಲ್ಲ ಬಡಗಿ ಬಾಗಿಲು ಕೊಯ್ದದ್ದಕ್ಕೆ ಒಂದು ಕೂಲಿ, ಅದೇ ಬಾಗಿಲಿನ ತುಂಡಿನಿಂದ ಪಟ್ಟಿ ಮಾಡಿಕೊಟ್ಟದ್ದಕ್ಕೆ ಇನ್ನೊಂದು ಕೂಲಿ, ಹಾಗೂ ಅಸಲಿ ತೇಗವೆಂಬ ಕಾರಣಕ್ಕೆ ಮರದ ಬೆಲೆಯನ್ನೂ ಸೇರಿಸಿ ಚೀಟಿ ಬರೆದುಕೊಡುತ್ತಾನೆ, ಮತ್ತು ಮನೆಯ ಯಜಮಾನ ಚಿನ್ನದ ಬಣ್ಣದ ಪಟ್ಟಿಯ ದುಡ್ಡು ಉಳಿಯಿತೆಂಬ ಸಂತೋಷದಲ್ಲಿ ಚೌಕಾಸಿ ಮಾಡುವುದನ್ನೂ ಮರೆತು ಅಷ್ಟನ್ನೂ ಕೊಟ್ಟುಬಿಡುತ್ತಾನೆ.